ಒಂದು ಕೀಲಿ ಕನ್ನಡಕ್ಕೆ ಮೀಸಲಿಡಿ



ನಿಮ್ಮಲ್ಲಿ ಎಷ್ಟು ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತೀರಿ? ಕೈ ಎತ್ತಬೇಡಿ, ನನಗೆ ಗೊತ್ತಿದೆ. ಕೇಳಿದರೆ 'ಕಂಪ್ಯೂಟರಿನಲ್ಲಿ ಕನ್ನಡ ನಿಧಾನ ಸಾರ್' ಎನ್ನುತ್ತೀರಿ. ಕೀಲಿಮಣೆಯನ್ನು ನಮ್ಮ ಕೈಗೆ ಒಗ್ಗಿಸಿಕೊಳ್ಳದೆ ಭಾಷೆಯ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ?

ನಾನು ಈ ಪಾಠ ಕಲಿತದ್ದು ದಂಡ ತೆತ್ತು. ಒಂದು ಮದುವೆ ಕರೆಯೋಲೆ, 500 ಪ್ರತಿ. ಮದುಮಗನಿಗೆ ಅಣ್ಣಾವ್ರ ಹೆಸರು. ಅಚ್ಚಾಗಿ ಬಂದದ್ದು 'ರಾಜ್ಕುಮಾರ್'! 'ಜ'ದ ಕೆಳಗೆ 'ಕ'ದ ಒತ್ತು ಜೋತುಬಿದ್ದಿದೆ. ಹುಡುಗನ ತಂದೆ ಕಾರ್ಡನ್ನು ಮೇಜಿನ ಮೇಲಿಟ್ಟು, "ಏನ್ ಸ್ವಾಮಿ, ಕನ್ನಡದ ಪ್ರೆಸ್ಸು ಅಂತ ಬೋರ್ಡ್ ಹಾಕಿದ್ದೀರಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಐನೂರನ್ನೂ ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ.

ಯೂನಿಕೋಡಿನಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದು ತಾನಾಗಿ ಒತ್ತಕ್ಷರವಾಗುತ್ತದೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಅದರ ಸಂಖ್ಯೆ 200ಸಿ. 'ಸಾಫ್ಟ್‌ವೇರ್' ಬರೆಯಲೂ ಅದೇ ಬೇಕು. ಅದನ್ನು ಪ್ರತಿ ಸಲ ಹುಡುಕಿ ತಂದು ಅಂಟಿಸುತ್ತ ಕೂತರೆ ಕೆಲಸ ಸಾಗಿದ ಹಾಗೇ!

ಇಲ್ಲಿ ಕೈಹಿಡಿದದ್ದು ಆಟೋಹಾಟ್‌ಕೀ. ವಿಂಡೋಸ್‌ಗೆಂದೇ 2003ರಲ್ಲಿ ಹೊರಬಂದ ತಂತ್ರಾಂಶ, ಬಿಡಿಗಾಸೂ ಕೊಡಬೇಕಿಲ್ಲ. ಸಾದಾ ಕಡತದಲ್ಲಿ ಒಂದು ಸಾಲಿನ ಆಜ್ಞೆ ಬರೆದೆ: ಎಫ್8 ಒತ್ತಿದರೆ 200ಸಿ ಬೀಳಬೇಕು. ಬಿತ್ತು! ಇನ್ನೊಂದು ಕೀಲಿಗೆ 'ತಮ್ಮ ಸುಖಾಗಮನವನ್ನು ಬಯಸುವವರು' ಎಂಬ ಪೂರಾ ಸಾಲನ್ನೇ ಕಟ್ಟಿದೆ. ಕಡತವನ್ನು ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿಟ್ಟರೆ ಕಂಪ್ಯೂಟರ್ ಎದ್ದೊಡನೆ ಅದೂ ಎದ್ದು ಕೂರುತ್ತದೆ. ಪಿಯುಸಿ ಓದಿದ ನನಗೆ ಬಂದ ವಿದ್ಯೆ ಇಂಜಿನಿಯರಿಂಗ್ ಓದುವ ನಿಮಗೆ ಬಾರದೇ?

ಕರಡು ತಿದ್ದುವಾಗ ಇನ್ನೊಂದು ತಲೆನೋವು. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಬರಹ ಒಂದು ವಿಂಡೋದಲ್ಲಿ, ಪುಟ ಇನ್ನೊಂದರಲ್ಲಿ. ಒಂದು ತೆರೆದರೆ ಒಂದು ಮುಚ್ಚುತ್ತದೆ, ಸಾಲು ತಪ್ಪುತ್ತದೆ. ವಿಂಡೋಸ್ ಕೀಲಿಯ ಜತೆ ಎಡ ಬಾಣ ಒತ್ತಿದರೆ ಒಂದು ಅರ್ಧ ಪರದೆಗೆ, ಬಲ ಬಾಣ ಒತ್ತಿದರೆ ಇನ್ನೊಂದು ಉಳಿದರ್ಧಕ್ಕೆ. ಈ ಸೌಲಭ್ಯ 2009ರ ವಿಂಡೋಸ್ 7ರಿಂದಲೇ ಇದೆ, ಬಳಸುವವರು ಎಷ್ಟು ಮಂದಿ? ಅರ್ಧರ್ಧ ಸಾಲದೆನ್ನುವವರಿಗೆ ಮೈಕ್ರೋಸಾಫ್ಟ್ 2019ರಲ್ಲಿ ಮತ್ತೆ ಹೊರತಂದ ಪವರ್‌ಟಾಯ್ಸ್ ಇದೆ. ಅದೂ ಪುಕ್ಕಟೆ. ಅದರ ಫ್ಯಾನ್ಸಿಝೋನ್ಸ್‌ನಲ್ಲಿ ಪರದೆಯನ್ನು ಬೇಕಾದಂತೆ ಪಾಲು ಮಾಡಿ, ಶಿಫ್ಟ್ ಹಿಡಿದು ಎಳೆದರೆ ವಿಂಡೋ ತನ್ನ ಪಾಲಿಗೆ ಹೋಗಿ ಕೂರುತ್ತದೆ. ನಾನು ಪುಟಕ್ಕೆ ದೊಡ್ಡ ಪಾಲು, ಮೂಲಪ್ರತಿಗೆ ಸಣ್ಣ ಪಾಲು ಕೊಟ್ಟಿದ್ದೇನೆ. (ಅಣ್ಣತಮ್ಮಂದಿರ ಪಾಲು ಇಷ್ಟು ಸಲೀಸಾಗಿ ಆಗಿದ್ದರೆ!)

ಒಂದು ಎಚ್ಚರಿಕೆ. ಆಗಲೇ ಬಳಕೆಯಲ್ಲಿರುವ ಕೀಲಿಯನ್ನು ಕಿತ್ತುಕೊಳ್ಳಬೇಡಿ. ಕಂಟ್ರೋಲ್ ಎಸ್‌ಗೆ ಬೇರೆ ಕೆಲಸ ಹಚ್ಚಿದರೆ ಕಡತ ಉಳಿಯುವುದಿಲ್ಲ. ಎಫ್8 ಕೂಡ ನಿಮ್ಮ ತಂತ್ರಾಂಶದಲ್ಲಿ ಖಾಲಿ ಇದೆಯೇ ನೋಡಿಕೊಳ್ಳಿ. ಆಮೇಲೆ ಆ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಡಿ. ನಮ್ಮ ಡಿಟಿಪಿ ಹುಡುಗ ವಿಂಡೋಸ್ ಹೊಸದಾಗಿ ಹಾಕಿಸಿದ ದಿನ ಇದ್ದದ್ದೆಲ್ಲ ಅಳಿಸಿಹೋಗಿ, ಇಬ್ಬರೂ ಸಂಜೆವರೆಗೆ ಕೂತು ಮತ್ತೆ ಬರೆದೆವು.