ಮನೆಯಲ್ಲೇ ರಿಪೇರಿಯಾದ ಬೈಕಿನ ಮುಂದಿನ ಫೋರ್ಕು

ಬೀಜ, ಗೊಬ್ಬರ, ಕೀಟಗಳ ಮಾತನ್ನು ಎಷ್ಟೋ ಸಲ ಕೇಳಿದ್ದೀರಿ. ಇವತ್ತಿನದು ಸ್ವಲ್ಪ ಬೇರೆ ಮಾತು. ಬೆಳಗಾಗುತ್ತಲೇ ಹಾಲಿನ ಕ್ಯಾನು ಡೇರಿಗೆ ಮುಟ್ಟಬೇಕು, ಪೇಟೆಯಿಂದ ಗೊಬ್ಬರದ ಚೀಲ ಬರಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಇದೆಲ್ಲ ಈಗ ಬೈಕಿನ ಕೆಲಸವೇ ಆಗಿದೆ. ಎತ್ತು ಕುಂಟಿದರೆ ಕೂಡಲೇ ಗೊರಸು ಎತ್ತಿ ನೋಡುತ್ತೇವೆ. ಬೈಕಿನ ಮುಂಗಾಲು, ಅಂದರೆ ಮುಂದಿನ ಫೋರ್ಕು ಕುಂಟಿದರೆ ಮಾತ್ರ "ನಡೀತದೆ ಬಿಡು" ಅನ್ನುತ್ತೇವೆ.

ನಾನೂ ಹಾಗೆ ಅಂದವನೇ. ನನ್ನ ಬೈಕಿನಲ್ಲಿ ಡಿಸ್ಕ್ ಬ್ರೇಕು ಇರುವ ಕಡೆಯ ಫೋರ್ಕಿನಿಂದ ಎಣ್ಣೆ ಜಿನುಗುತ್ತಿತ್ತು. ಹೊಸ ಸೀಲು ತಂದು ಅಂಗಳದಲ್ಲೇ ಹಾಕಿದೆ. ಎರಡೇ ದಿನಕ್ಕೆ ಮತ್ತೆ ಜಿನುಗಿತು. ಬಟ್ಟೆಯಿಂದ ಒರೆಸಿಕೊಂಡು ಓಡಾಡಿದೆ. ಒಂದು ಸಂಜೆ ಕೆರೆ ಏರಿಯ ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಮುಂದಿನ ಬ್ರೇಕು ಹಿಡಿಯಲೇ ಇಲ್ಲ. ಎಣ್ಣೆ ಡಿಸ್ಕಿನ ಮೇಲೆ ಇಳಿದಿತ್ತು. ಕಟಾವಾದ ರಾಗಿ ಹೊಲಕ್ಕೆ ಬೈಕು ಇಳಿಸಿ ಉಳಿದುಕೊಂಡೆ. ಹಿಂದೆ ನನ್ನ ಮಗಳು ಕೂತಿದ್ದಳು. ಆ ದಿನ ಕಲಿತದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ.

ಫೋರ್ಕಿನ ಒಂದೊಂದು ಕಾಲಿನಲ್ಲೂ ಹೊಳೆಯುವ ಒಂದು ಪೈಪು, ಆ ಪೈಪು ಜಾರುವ ಒಂದು ಹೊರ ಕೊಳವೆ, ಒಳಗೆ ಸ್ಪ್ರಿಂಗು ಮತ್ತು ಎಣ್ಣೆ ಇರುತ್ತವೆ. ಭಾರ ಹೊರುವುದು ಸ್ಪ್ರಿಂಗು, ಕುಣಿತ ತಡೆಯುವುದು ಎಣ್ಣೆ. ಆ ಎಣ್ಣೆ ಹೊರಗೆ ಬರದಂತೆ ಕಾಯುವುದು ರಬ್ಬರಿನ ಸೀಲು. ಇಷ್ಟು ತಿಳಿದಿದ್ದರೆ ರಿಪೇರಿಯ ನಂತರದ ತೊಂದರೆಗಳನ್ನು ಒಂದೊಂದಾಗಿ ಹಿಡಿಯಬಹುದು.

ಮೊದಲನೆಯದು, ಹೊಸ ಸೀಲು ಹಾಕಿದರೂ ಎಣ್ಣೆ ಸೋರುವುದು. ಪೈಪನ್ನು ಚೆನ್ನಾಗಿ ಒರೆಸಿ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಹತ್ತು ಸಲ ಕೆಳಕ್ಕೆ ಒತ್ತಿ. ಜೋಡಿಸುವಾಗ ಮೆತ್ತಿದ್ದ ಎಣ್ಣೆಯಾದರೆ ಮತ್ತೆ ಕಾಣದು. ಪುನಃ ಪೈಪಿನ ಸುತ್ತ ಎಣ್ಣೆಯ ಬಳೆ ಮೂಡಿದರೆ ಅದು ಸೋರಿಕೆಯೇ. ಆಗ ಪೈಪಿನ ಮೇಲೆ ಉಗುರು ಎಳೆದು ನೋಡಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ, ಎಷ್ಟು ಹೊಸ ಸೀಲು ಹಾಕಿದರೂ ಅದನ್ನು ಆ ಗುಳಿ ಹರಿದುಹಾಕುತ್ತದೆ; ಪೈಪನ್ನೇ ಬದಲಿಸಬೇಕು. ಪೈಪು ನುಣುಪಾಗಿದ್ದರೆ, ಸೀಲಿನ ಅಂಚಿನಲ್ಲಿ ಮಣ್ಣಿನ ಕಣ ಕೂತಿರಬಹುದು, ಹಾಕುವಾಗ ಅಂಚು ಹರಿದಿರಬಹುದು, ಇಲ್ಲವೆ ಸೀಲು ತಲೆಕೆಳಗಾಗಿರಬಹುದು. ಸೀಲಿನಲ್ಲಿ ಸಣ್ಣ ಸ್ಪ್ರಿಂಗಿನ ಬಳೆ ಕಾಣುವ ಮಗ್ಗುಲು ಎಣ್ಣೆಯ ಕಡೆಗೆ, ಅಂದರೆ ಕೆಳಕ್ಕೆ ಇರಬೇಕು. ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಫೋರ್ಕಿನ ಎಣ್ಣೆ ಸವರಿ ಸೀಲನ್ನು ಇಳಿಸಿದರೆ ಅಂಚು ಹರಿಯುವುದಿಲ್ಲ. ಒಮ್ಮೆ ಕಿತ್ತ ಸೀಲನ್ನು ಮತ್ತೆ ಹಾಕಬಾರದು.

ಎರಡನೆಯದು, ಫೋರ್ಕು ಕಲ್ಲಿನಂತೆ ಗಟ್ಟಿಯಾಗುವುದು ಅಥವಾ ಗುಂಡಿಗೆ ಬಿದ್ದಾಗ ಧಡ್ ಎಂದು ತಳ ಮುಟ್ಟುವುದು. ಇದು ಎಣ್ಣೆಯ ಲೆಕ್ಕ. ಎಣ್ಣೆ ಹೆಚ್ಚಾದರೆ ಒಳಗೆ ಗಾಳಿಗೆ ಜಾಗವಿಲ್ಲದೆ ಫೋರ್ಕು ಬಿಗಿಯುತ್ತದೆ, ಸೀಲಿಗೂ ಒತ್ತಡ ಬೀಳುತ್ತದೆ. ಕಡಿಮೆಯಾದರೆ ತಳ ಹೊಡೆಯುತ್ತದೆ. ಇಂಜಿನ್ನಿನ ಎಣ್ಣೆ ಉಳಿದಿದೆ ಅಂತ ಅದನ್ನು ಸುರಿಯಬೇಡಿ. ಸಾಮಾನ್ಯವಾಗಿ ಅದು ಫೋರ್ಕಿನ ಎಣ್ಣೆಗಿಂತ ಮಂದ. ಬೈಕಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ, ಹೇಳಿದಷ್ಟೇ ಮಿಲಿಲೀಟರು, ಎರಡೂ ಕಾಲಿಗೆ ಒಂದೇ ಸಮ ಅಳೆದು ಹಾಕಿ. ಬೆಳೆಗೆ ಔಷಧಿ ಹೊಡೆಯುವಾಗ ಕಣ್ಣಂದಾಜು ನಂಬುವುದಿಲ್ಲ ಅಲ್ಲವೆ? ಇಲ್ಲೂ ಹಾಗೇ. ಹಳೆಯ ಎಣ್ಣೆ ಪೂರ್ತಿ ಇಳಿಯದಿದ್ದರೆ ಹೊಸದರ ಲೆಕ್ಕ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಫೋರ್ಕಿನ ಮೇಲಿನ ಮುಚ್ಚಳ ಬಿಚ್ಚುವಾಗ ಮುಂದಿನ ಚಕ್ರ ನೆಲದಿಂದ ಮೇಲಿರಲಿ, ನಿಮ್ಮ ಮುಖ ಪಕ್ಕಕ್ಕಿರಲಿ. ಒಳಗಿನ ಸ್ಪ್ರಿಂಗು ಮುಚ್ಚಳವನ್ನು ಚಿಮ್ಮಿಸುತ್ತದೆ.

ಮೂರನೆಯದು, ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಸರಾಗ ಏಳುವುದಿಲ್ಲ. ಎರಡು ಕಾಲುಗಳು ಒಂದೇ ನೇರಕ್ಕೆ ಕೂತಿಲ್ಲವೆಂದು ಅರ್ಥ. ಚಕ್ರದ ಆಕ್ಸಲಿನ ನಟ್ಟನ್ನೂ ಮಡ್‌ಗಾರ್ಡಿನ ಬೋಲ್ಟುಗಳನ್ನೂ ಸ್ವಲ್ಪ ಸಡಿಲಿಸಿ, ನಾಲ್ಕಾರು ಸಲ ಒತ್ತಿ ಬಿಡಿ. ಕಾಲುಗಳು ತಾವಾಗಿಯೇ ಸರಿಯಾಗಿ ಕೂರುತ್ತವೆ. ಆಮೇಲೆ ಬಿಗಿ ಮಾಡಿ. ಹೀಗೆ ಮಾಡಿದರೂ ಸಿಕ್ಕಿಕೊಂಡರೆ ಪೈಪು ಬಾಗಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿ.

ನಾಲ್ಕನೆಯದು, ಬ್ರೇಕು ಹಿಡಿದಾಗ "ಟಕ್" ಎಂಬ ಸದ್ದು. ಬೈಕನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ಮೇಲೇಳುವಂತೆ ಒಬ್ಬರು ಹಿಂದೆ ಅದುಮಿ ಹಿಡಿಯಲಿ. ನೀವು ಫೋರ್ಕಿನ ಕೆಳತುದಿಯನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲಿನ ಕೆಳಗೆ ಅಲುಗಾಟ ತಿಳಿದರೆ ತೊಂದರೆ ಫೋರ್ಕಿನದಲ್ಲ, ಕೋನ್‌ಸೆಟ್ಟಿನದು.

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು, ಬ್ರೇಕಿನದು. ಡ್ರಮ್ ಬ್ರೇಕಿನ ಬೈಕಾದರೆ ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇರುತ್ತದೆ. ಫೋರ್ಕಿನ ಕಾಲಿನ ಮೇಲಿರುವ ಉಬ್ಬು ಆ ಕಚ್ಚಿನೊಳಗೆ ಕೂರಲೇಬೇಕು. ಕೂರದಿದ್ದರೆ, ಬ್ರೇಕು ಹಿಡಿದ ಕೂಡಲೇ ಪ್ಲೇಟೇ ತಿರುಗಿ, ಚಕ್ರ ಸಿಕ್ಕಿಕೊಂಡು ಸವಾರ ಮುಗ್ಗರಿಸುತ್ತಾನೆ. ಡಿಸ್ಕ್ ಬ್ರೇಕಾದರೆ ಹೊರಡುವ ಮುಂಚೆ ಬ್ರೇಕಿನ ಹಿಡಿಯನ್ನು ಗಟ್ಟಿಯಾಗುವ ತನಕ ಹಲವು ಸಲ ಒತ್ತಿ. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಒರೆಸಿ ಮತ್ತೆ ಹಾಕಬೇಡಿ, ಹೊಸದು ಹಾಕಿ. ನಾನು ಬಟ್ಟೆಯಿಂದ ಒರೆಸಿಕೊಂಡು ಓಡಾಡಿದ ಕಥೆ ಕೇಳಿದಿರಲ್ಲ!

ಕೊನೆಗೆ, ಮೊದಲ ಸವಾರಿ ಒಬ್ಬರೇ ಮಾಡಿ. ಹೆಂಡತಿ ಮಕ್ಕಳೂ ಬೇಡ, ಹಾಲಿನ ಕ್ಯಾನೂ ಬೇಡ. ಬೀದಿಯ ಕೊನೆತನಕ ಮೆಲ್ಲಗೆ ಹೋಗಿ, ಎರಡು ಬ್ರೇಕೂ ಹಿಡಿದು ನೋಡಿ, ಹಿಂತಿರುಗಿ ಬಂದು ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಮನೆಯಲ್ಲೇ ಕೆಲಸ ಮಾಡಿ ಕೂಲಿ ಉಳಿಸುವುದು ತಪ್ಪಲ್ಲ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನಾಳೆ ಬೆಳಿಗ್ಗೆ ಕ್ಯಾನು ಕಟ್ಟುವ ಮೊದಲು ನಿಮ್ಮ ಬೈಕಿನ ಫೋರ್ಕಿನ ಮೇಲೆ ಒಂದು ಸಲ ಬೆರಳು ಆಡಿಸಿ ನೋಡಿ. ಬೆರಳಿಗೆ ಎಣ್ಣೆ ಅಂಟಿದರೆ ಆ ದಿನ ಕ್ಯಾನನ್ನು ನೆರೆಯವರ ಗಾಡಿಯಲ್ಲಿ ಕಳಿಸಿ, ನಿಮ್ಮ ಬೈಕು ನಿಲ್ಲಲಿ.