ತೆರೆಯ ಎದುರು ನಿಂತವರು



ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿ ಜೋನ್ ಅರ್ಡ್ಲಿ 1961ರಲ್ಲಿ ರಚಿಸಿದ ‘ದಿ ವೇವ್’ ಎಂಬ ಚಿತ್ರವಿದೆ. ಹಾರ್ಡ್‌ಬೋರ್ಡಿನ ಮೇಲೆ ತೈಲವರ್ಣ. ಬಣ್ಣದೊಳಗೆ ಮರಳಿನ ಹರಳುಗಳೂ ಸೇರಿವೆ. ಆ ಹರಳುಗಳನ್ನು ಅಲಂಕಾರವೆಂದು ತಿಳಿಯಬೇಕಿಲ್ಲ. ಸ್ಟೋನ್‌ಹೇವನ್ ಪಟ್ಟಣದ ದಕ್ಷಿಣಕ್ಕಿರುವ ಕ್ಯಾಟರ್ಲೈನ್ ಎಂಬ ಮೀನುಗಾರರ ಹಳ್ಳಿಯ ದಡದಲ್ಲಿ, ಗಾಳಿಗೆ ಹಾರದಂತೆ ಹಲಗೆಯನ್ನು ಹಗ್ಗ, ಕಲ್ಲುಗಳಿಂದ ಬಿಗಿದು, ಬಿರುಗಾಳಿಯ ಎದುರಿಗೇ ನಿಂತು ಆಕೆ ಚಿತ್ರ ಬರೆಯುತ್ತಿದ್ದರು.

ತೈಲವರ್ಣ ಬೇಗ ಒಣಗುವುದಿಲ್ಲ. ಒಂದೇ ಸಲಕ್ಕೆ ಮುಗಿಸಹೊರಟವರಿಗೆ ಇದೇ ವರ, ಇದೇ ಶಾಪ. ಹಸಿಯ ಮೇಲೆ ಹಸಿ ಬಿದ್ದಾಗ ಎರಡು ಬಣ್ಣಗಳ ಅಂಚು ತಾನೇ ಕರಗಿ ನೀರಿನ ಚಲನೆ ಮೂಡುತ್ತದೆ. ಕೈ ಎರಡು ಬಾರಿ ಹೆಚ್ಚು ಆಡಿದರೆ ಎಲ್ಲವೂ ಕೆಸರು. ಆದ್ದರಿಂದ ತೆರೆಯ ಹೊಟ್ಟೆಯ ಕಡುಹಸಿರು, ಬೂದುಬಣ್ಣಗಳನ್ನು ಮೊದಲು ತೆಳುವಾಗಿ ಹಾಸಬೇಕು. ನೊರೆಯ ಬಿಳಿಯನ್ನು ಕೊನೆಗೆ, ದಪ್ಪವಾಗಿ, ಚಾಕುವಿನಿಂದಲೋ ತುಂಬಿದ ಕುಂಚದಿಂದಲೋ ಒಮ್ಮೆ ಇಟ್ಟು ಕೈ ತೆಗೆಯಬೇಕು. ಕೈ ತೆಗೆಯುವುದೇ ಕಷ್ಟದ ಭಾಗ. ಇನ್ನು ಅಲೆಯೋ, ಚಿತ್ರಕಾರನಿಗಾಗಿ ನಿಲ್ಲುವುದಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಅದು ಏಳುವ, ಬಾಗುವ, ಒಡೆಯುವ ಕ್ರಮ ಹೆಚ್ಚುಕಡಿಮೆ ಅದೇ. ಕಣ್ಣು ಕಲಿಯುವುದು ಒಂದು ಅಲೆಯನ್ನಲ್ಲ, ಆ ಕ್ರಮವನ್ನು. ಅರ್ಡ್ಲಿಯ ಎಲ್ಲ ಚಿತ್ರಗಳೂ ಒಂದೇ ಸಲಕ್ಕೆ ಮುಗಿದವೆಂದಲ್ಲ. ಅದೇ ಹವೆ ಮರಳಿದಾಗ ಅದೇ ಜಾಗಕ್ಕೆ ಹೋಗಿ ಮುಂದುವರಿಸಿದ್ದೂ ಉಂಟು.

ಇದೇ ಕಲಾವಿದೆ ಗ್ಲಾಸ್ಗೋದ ಟೌನ್‌ಹೆಡ್ ಬಡಾವಣೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು, ಅಲ್ಲಿನ ಇಕ್ಕಟ್ಟಾದ ಮನೆಗಳ ಮಕ್ಕಳನ್ನು ವರ್ಷಗಟ್ಟಲೆ ಚಿತ್ರಿಸಿದವರು. ಹರಿದ ಸ್ವೆಟರು, ಸೀಮೆಸುಣ್ಣದ ಗೀಚುಗಳ ಗೋಡೆ, ತಮ್ಮನನ್ನು ಸೊಂಟಕ್ಕೇರಿಸಿಕೊಂಡ ಅಕ್ಕ. ಹಾಗಾದರೆ ಕಡಲು ಆ ಬೀದಿಯಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತೇ? ಪ್ರಗತಿಪರರು ಈ ಪ್ರಶ್ನೆಯನ್ನು ಸುಲಭವಾಗಿ ಎತ್ತುತ್ತಾರೆ. ಎತ್ತಬೇಕಾದದ್ದೇ. ಬಡತನವನ್ನು ಬಿಟ್ಟು ನೊರೆಯನ್ನು ಬರೆಯುವುದು ಅನೇಕರ ವಿಷಯದಲ್ಲಿ ಪಲಾಯನವೇ ಆಗಿದೆ. ಅರ್ಡ್ಲಿಯ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಮಕ್ಕಳೂ ಒಂದೆಡೆ ಕೂರುವವರಲ್ಲ. ಓಡುತ್ತಲೇ ಇದ್ದ ಅವರನ್ನು ಹಿಡಿಯಲು ಬೇಕಾದ ವೇಗದ ಗೀಟೇ ಕಡಲಿನ ಎದುರೂ ಕೆಲಸ ಮಾಡಿತು. ಆ ಬೀದಿಗಳೂ ಉಳಿಯುವಂಥವಾಗಿರಲಿಲ್ಲ. ನಗರ ಪುನರ್ನಿರ್ಮಾಣದ ಹೆಸರಿನಲ್ಲಿ ಟೌನ್‌ಹೆಡ್‌ನ ಹಳೆಯ ಮನೆಗಳ ಬಹುಭಾಗವನ್ನು ಕೆಡವಲಾಯಿತು. ಅದರ ಅಂಚಿನಲ್ಲಿ ಈಗ ಮೋಟಾರುಹೆದ್ದಾರಿ ಹರಿಯುತ್ತದೆ.

ಅರ್ಡ್ಲಿ ಈ ಎರಡು ಊರುಗಳಿಗೂ ಹೊರಗಿನವರು: ಹುಟ್ಟಿದ್ದು 1921ರಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ. ಹೊರಗಿನವರಿಗೆ ಇನ್ನೊಬ್ಬರ ಬದುಕನ್ನು ಬರೆಯುವ ಹಕ್ಕಿದೆಯೇ ಎಂಬ ಚರ್ಚೆ ವಲಸೆಯ ಬರಹಗಾರರಿಗೆ ಹೊಸದಲ್ಲ. ಆಕೆ ಅದಕ್ಕೆ ಸಿದ್ಧಾಂತದ ಉತ್ತರ ಕೊಡಲಿಲ್ಲ. ಹೋಗಿ, ಅಲ್ಲಿಯೇ ಇದ್ದು, ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. ಕ್ಯಾಟರ್ಲೈನಿನ ನೀರುನಲ್ಲಿಯಿಲ್ಲದ ಪುಟ್ಟ ಮನೆಯಲ್ಲಿ ವಾಸವಿದ್ದರು. ಗ್ಲಾಸ್ಗೋದಲ್ಲಿದ್ದಾಗ ಕಡಲು ಕೆರಳಿದ ಸುದ್ದಿ ಹಳ್ಳಿಯಿಂದ ಬಂದರೆ ಹೊರಟು ಬಿಡುತ್ತಿದ್ದರು ಎನ್ನುತ್ತಾರೆ.

ಸ್ತನ ಕ್ಯಾನ್ಸರ್ ಆವರಿಸಿದ ಮೇಲೂ ಆಕೆ ಆ ದಡದಲ್ಲಿ ಕೆಲಸ ನಿಲ್ಲಿಸಲಿಲ್ಲ. 1963ರ ಆಗಸ್ಟ್‌ನಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಕ್ಯಾಟರ್ಲೈನಿನ ದಡದಲ್ಲಿಯೇ ಚೆಲ್ಲಿದರು.