ಕಡಿದ ಗೆರೆಗೆ ಒಂದೆಳೆ ತಂತಿ

ಈ ಬಾನುಲಿಯಲ್ಲಿ ನಾನು ಸಾಮಾನ್ಯವಾಗಿ ಗಾದೆಗಳ ಬಗ್ಗೆ, ಹಬ್ಬಗಳ ಬಗ್ಗೆ ಮಾತಾಡುವವಳು. ಇವತ್ತಿನ ವಿಷಯ ಬೇರೆ. ಕೆಟ್ಟುಹೋದ ಸರ್ಕ್ಯೂಟ್ ಬೋರ್ಡಿನ ಗೆರೆಗಳನ್ನು ಕಡಿಮೆ ಖರ್ಚಿನಲ್ಲಿ ಸರಿಮಾಡುವುದು ಹೇಗೆ ಅಂತ ಹೇಳಬೇಕಾಗಿದೆ. ಕನ್ನಡ ಎಂ.ಎ. ಮಾಡಿದ ಗೃಹಿಣಿಗೆ ಇದೇಕೆ ಅಂತ ನಿಮ್ಮಲ್ಲಿ ಕೆಲವರು ನಗುತ್ತಿರಬಹುದು, ನಗಿ. ಇಂಗ್ಲೆಂಡಿನ ನಮ್ಮ ಊರಿನಲ್ಲಿ ತಿಂಗಳಿಗೊಂದು ಶನಿವಾರ ರಿಪೇರಿ ಕೆಫೆ ನಡೆಯುತ್ತದೆ. 2009ರ ಅಕ್ಟೋಬರಿನಲ್ಲಿ ಮಾರ್ಟೀನ್ ಪೋಸ್ಟ್‌ಮಾ ಎಂಬ ಪತ್ರಕರ್ತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುಮಾಡಿದ್ದು ಈಗ ಊರೂರಿಗೂ ಬಂದಿದೆ. ನಾನು ಅಲ್ಲಿಗೆ ಚಹಾ ಕೊಡುವ ಸ್ವಯಂಸೇವಕಿಯಾಗಿ ಸೇರಿದೆ. ಮಾಡುವವರ ಕೈ ನೋಡುತ್ತ ನೋಡುತ್ತ ಸೋಲ್ಡರಿಂಗ್ ಐರನ್ ಹಿಡಿಯುವುದನ್ನೂ ಕಲಿತೆ.

ಯಾವುದಾದರೂ ಹಳೆಯ ರಿಮೋಟ್ ಬಿಚ್ಚಿದರೆ ಒಳಗೊಂದು ಹಸಿರು ಹಲಗೆ ಕಾಣುತ್ತದೆ. ಅದರ ಮೇಲೆ ಇರುವೆ ಸಾಲಿನಂತೆ ಓಡುವ ಗೆರೆಗಳೇ ಟ್ರೇಸ್. ಕನ್ನಡದಲ್ಲಿ ನಾನು ಜಾಡು ಅನ್ನುತ್ತೇನೆ. ಅರ್ಥ ಅದೇ, ಕರೆಂಟು ನಡೆದು ಹೋಗುವ ಜಾಡು. ಅದು ತಾಮ್ರದ ತೆಳು ಹಾಳೆ. ಸಾಮಾನ್ಯ ಬೋರ್ಡಿನಲ್ಲಿ ಅದರ ದಪ್ಪ ಸುಮಾರು 35 ಮೈಕ್ರೋಮೀಟರ್, ಅಂದರೆ ನಿಮ್ಮ ತಲೆಗೂದಲಿನ ಅರ್ಧದಷ್ಟು. ಅಷ್ಟು ತೆಳುವಾದದ್ದು ಕೆಳಗೆ ಬಿದ್ದರೆ ಬಿರಿಯುತ್ತದೆ, ಬ್ಯಾಟರಿ ಸೋರಿದರೆ ಕರಗುತ್ತದೆ, ಹೆಚ್ಚು ಕರೆಂಟು ಹರಿದರೆ ಸುಡುತ್ತದೆ.

ಇದರ ಕಥೆಯಲ್ಲಿ ರೇಡಿಯೋಗೂ ಒಂದು ಪಾಲಿದೆ. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಯೆಹೂದಿ ಎಂಜಿನಿಯರ್ 1936ರಲ್ಲಿ ಇಂಗ್ಲೆಂಡಿಗೆ ಬಂದರು. ಲಂಡನ್ನಿನಲ್ಲಿ ಅವರು ಅಚ್ಚು ಹಾಕಿದ ಸರ್ಕ್ಯೂಟ್ ಇಟ್ಟು ಒಂದು ರೇಡಿಯೋ ಮಾಡಿ ತೋರಿಸಿದರು. ಅದಕ್ಕೆ ಮುಂಚೆ ರೇಡಿಯೋ ಒಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಬಿಡಿ ತಂತಿಗಳನ್ನು ಕೈಯಿಂದಲೇ ಬೆಸೆಯುತ್ತಿದ್ದರು. ಕಾರ್ಖಾನೆಗಳಲ್ಲಿ ಆ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೇ ಬಹಳ. ಇದನ್ನು ಯಾಕೆ ಹೇಳಿದೆ ಅಂದರೆ, ಕಡಿದ ಗೆರೆಯನ್ನು ಮೊದಲಿನ ಹಾಗೆಯೇ ಗೆರೆಯಾಗಿ ಮಾಡಬೇಕಾಗಿಲ್ಲ. ಆ ತುದಿಯಿಂದ ಈ ತುದಿಗೆ ಒಂದು ತಂತಿ ಎಳೆದರೆ ಆಯಿತು. ಕರೆಂಟಿಗೆ ಅಂದಚಂದ ಬೇಕಿಲ್ಲ.

ಹೋದ ವರ್ಷ ನಮ್ಮ ಕೆಫೆಗೆ ಹದಿನಾರು ವರ್ಷದ ಹುಡುಗಿಯೊಬ್ಬಳು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದಳು. ಇಲ್ಲೇ ಹುಟ್ಟಿದವಳು, ಕರ್ನಾಟಕ ಸಂಗೀತ ಕಲಿಯುತ್ತಾಳೆ. ಪೆಟ್ಟಿಗೆಯನ್ನು ಅಜ್ಜಿ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದಿದ್ದರಂತೆ. ಒಳಗೆ ಬ್ಯಾಟರಿ ಬಿಟ್ಟು ವರ್ಷವಾಗಿತ್ತು, ಸೋರಿಹೋಗಿತ್ತು. ಅಂಗಡಿಯೊಂದರಲ್ಲಿ ತೋರಿಸಿದರೆ, ಬೋರ್ಡೇ ಬದಲಿಸಬೇಕು, ಬೋರ್ಡು ಸಿಗುವುದಿಲ್ಲ, ಹೊಸದು ಕೊಳ್ಳಿ ಅಂದರಂತೆ. ಫೋನಿನಲ್ಲಿ ಶ್ರುತಿ ಆ್ಯಪ್ ಸಿಗುತ್ತದಲ್ಲಮ್ಮ ಅಂದೆ. ಅವಳು ಮಾತಾಡದೆ ಪೆಟ್ಟಿಗೆ ತಿರುಗಿಸಿ ತೋರಿಸಿದಳು. ಶ್ರುತಿಯ ಗುಂಡಿಯ ಪಕ್ಕ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ. ಐದೂವರೆ ಮನೆ, ಅವಳ ಶ್ರುತಿ. ಅಜ್ಜಿ ಹಾಕಿದ ಗುರುತು. ಅಜ್ಜಿ ಈಗಿಲ್ಲ.

ಮೊದಲು ಬ್ಯಾಟರಿ ತೆಗೆದು, ಅಡಾಪ್ಟರ್ ಕಿತ್ತಿಟ್ಟೆವು. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಕೈಯನ್ನೂ ಸುಡುತ್ತದೆ, ಹಾಗಾಗಿ ಕೈಗವಸು ಬೇಕು. ಕ್ಷಾರಕ್ಕೆ ಮದ್ದು ಹುಳಿ. ಅಡುಗೆಮನೆಯ ಬಿಳಿ ವಿನೆಗರ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಪೂರ್ತಿ ಒಣಗಲು ಬಿಟ್ಟೆವು. ಬೋರ್ಡನ್ನು ಟಾರ್ಚಿಗೆ ಅಡ್ಡ ಹಿಡಿದಾಗ ಕಂಡಿತು, ಸ್ವಿಚ್ಚಿನಿಂದ ಹೊರಟ ಗೆರೆ ನಡುವೆ ಕಪ್ಪಾಗಿ, ಅರ್ಧ ಸೆಂಟಿಮೀಟರಿನಷ್ಟು ಕಾಣೆಯಾಗಿತ್ತು. ಕಣ್ಣನ್ನು ಪೂರ್ತಿ ನಂಬಬೇಡಿ. ಹತ್ತು ಪೌಂಡಿನೊಳಗೆ ಸಿಗುವ ಮಲ್ಟಿಮೀಟರನ್ನು ಬೀಪ್ ಸದ್ದಿನ ಗುರುತಿಗೆ ತಿರುಗಿಸಿ, ಗೆರೆಯ ಎರಡೂ ತುದಿ ಮುಟ್ಟಿ. ಕೂಗಿದರೆ ಜಾಡು ಗಟ್ಟಿ, ಮೌನವಾದರೆ ಕಡಿದಿದೆ. ನಿಮ್ಮ ಹತ್ತಿರ ಇರಬೇಕಾದ ಉಪಕರಣ ಒಂದೇ ಒಂದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಕಡಿದ ಜಾಗದ ಎರಡೂ ಬದಿಯಲ್ಲಿ ಹಸಿರು ಲೇಪವನ್ನು ಬ್ಲೇಡಿನ ಮೊನೆಯಿಂದ ಮೆಲ್ಲಗೆ ಕೆರೆಯಬೇಕು, ತಾಮ್ರ ಕೆಂಪಗೆ ಹೊಳೆಯುವವರೆಗೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹತ್ತುವುದೇ ಇಲ್ಲ. ಆಮೇಲೆ ಹೊಳೆವ ತುದಿಗಳಿಗೆ ತೆಳ್ಳಗೆ ಬೆಸುಗೆ ಬಳಿಯಬೇಕು. ನಿಮ್ಮ ಅಜ್ಜಿಯರು ಇದ್ದರೆ ಕೇಳಿ ನೋಡಿ, ನಮ್ಮ ಊರುಗಳಲ್ಲಿ ಕಲಾಯಿ ಹಾಕುವವರು ಬೀದಿಗೆ ಬರುತ್ತಿದ್ದರು. ತಾಮ್ರದ, ಹಿತ್ತಾಳೆಯ ಪಾತ್ರೆಯನ್ನು ಇದ್ದಿಲಿನ ಮೇಲೆ ಕಾಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. (ತವರ ಅಂದರೆ ಟಿನ್ ಲೋಹ. ಅಮ್ಮನ ಮನೆ ತವರು, ಅದು ಬೇರೆ.) ಬೋರ್ಡಿನ ಮೇಲೆ ನಾವು ಮಾಡುವುದೂ ಕಲಾಯಿಯೇ. ನವಸಾಗರದ ಜಾಗದಲ್ಲಿ ರಾಳದ ಫ್ಲಕ್ಸ್ ಹಚ್ಚುತ್ತೇವೆ, ಅಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸ ಮುಖ್ಯ. ನಲ್ಲಿ ಪೈಪಿನ ಕೆಲಸಕ್ಕೆ ಅಂತ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಫ್ಲಕ್ಸ್ ತರಬೇಡಿ. ಅದರ ಆಮ್ಲ ನಿಧಾನಕ್ಕೆ ಉಳಿದ ಗೆರೆಗಳನ್ನೂ ತಿನ್ನುತ್ತದೆ.

ಇನ್ನು ತಂತಿ. ಎಸೆಯಲಿಟ್ಟ ವೈರಿನ ಪ್ಲಾಸ್ಟಿಕ್ ಸುಲಿದು ಒಂದೇ ಒಂದು ಎಳೆ ತೆಗೆದೆವು. 0.2 ಮಿಲಿಮೀಟರ್ ದಪ್ಪದ ಎಳೆ ಏನು ಸಾಕು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 1 ಮಿಲಿಮೀಟರ್ ಅಗಲ, 35 ಮೈಕ್ರೋಮೀಟರ್ ದಪ್ಪದ ಗೆರೆಯಲ್ಲಿರುವಷ್ಟು ತಾಮ್ರ ಹೆಚ್ಚುಕಡಿಮೆ ಆ ಒಂದೆಳೆಯಲ್ಲೇ ಇದೆ. ಎಳೆಯ ತುದಿಗಳಿಗೂ ಕಲಾಯಿ ಮಾಡಿ, ಚಿಮುಟದಿಂದ ಹಿಡಿದು, ಐರನ್ ಎರಡೆರಡು ಸೆಕೆಂಡು ತಾಗಿಸಿದರೆ ಮುಗಿಯಿತು. ಹೆಚ್ಚು ಹೊತ್ತು ಕಾಸಿದರೆ ಗೆರೆಯೇ ಹಲಗೆಯಿಂದ ಎದ್ದು ಬರುತ್ತದೆ. ಬೆಸುಗೆ ಹಾಕಿದ್ದು ನಾನಲ್ಲ, ಆ ಹುಡುಗಿಯೇ. ನಾನು ಟಾರ್ಚ್ ಹಿಡಿದಿದ್ದೆ. ಮತ್ತೆ ಮೀಟರ್ ಇಟ್ಟಾಗ ಬೀಪ್ ಅಂದಿತು. ತಂತಿಯ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು ಒಣಗಿಸಿ, ಪೆಟ್ಟಿಗೆ ಮುಚ್ಚಿ ಸ್ವಿಚ್ ಹಾಕಿದೆವು. ಪಕ್ಕದ ಮೇಜಿನಲ್ಲಿ ಟೋಸ್ಟರ್ ಬಿಚ್ಚುತ್ತಿದ್ದ ಹಿರಿಯರು ತಲೆಯೆತ್ತಿ, ಇದು ಯಾವ ವಾದ್ಯ ಅಂತ ಕೇಳಿದರು. ಖರ್ಚು ಎಷ್ಟು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ, ಪೆನ್ನಿಗಳ ಲೆಕ್ಕ.

ಬೆಳ್ಳಿ ಶಾಯಿಯ ಪೆನ್ನುಗಳು ಬರುತ್ತವೆ, ಗೆರೆ ಎಳೆದರೆ ಕರೆಂಟು ಹರಿಯುತ್ತದೆ. ನೋಡಲು ಮೋಹಕ, ಬೆಲೆಯೂ ಹಾಗೆಯೇ. ಒಣಗಿದ ಮೇಲೂ ಅದರ ಪ್ರತಿರೋಧ ತಾಮ್ರಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದರೆ ಅದಕ್ಕೂ ಒಂದು ಜಾಗವಿದೆ. ಕೀಬೋರ್ಡಿನ ಒಳಗಿನ ತೆಳು ಪ್ಲಾಸ್ಟಿಕ್ ಹಾಳೆಗೆ ಐರನ್ ತಾಗಿಸಿದರೆ ಕರಗಿಹೋಗುತ್ತದೆ, ಅಲ್ಲಿ ಶಾಯಿಯೇ ಗತಿ. ಪೆನ್ಸಿಲ್ ಗೀಚಿದರೆ ಸಾಕು ಅನ್ನುವವರಿದ್ದಾರೆ, ಆ ಮಾತು ಬಿಡಿ. ಅಗಲವಾದ ಗೆರೆ ಹೋಗಿದ್ದರೆ ಮಾತ್ರ ತಾಮ್ರದ ಟೇಪು ಒಳ್ಳೆಯದು. ಇಲ್ಲಿನ ತೋಟದ ಅಂಗಡಿಗಳಲ್ಲಿ ಗೊಂಡೆಹುಳು ಬರದಿರಲಿ ಅಂತ ಕುಂಡಗಳಿಗೆ ಸುತ್ತಲು ಮಾರುತ್ತಾರಲ್ಲ, ಅಂಥದೇ. ಅದರ ಅಂಟು ಸಾಮಾನ್ಯವಾಗಿ ಕರೆಂಟು ಬಿಡುವುದಿಲ್ಲ, ಹಾಗಾಗಿ ಅಂಟಿಸಿದರೆ ಸಾಲದು, ತುದಿಗಳನ್ನು ಬೆಸೆಯಲೇಬೇಕು. ರಜೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿ. ಎನಾಮಲ್ ತಂತಿಯ ರೀಲು, ರಾಳದ ಡಬ್ಬಿ ಎಲ್ಲ ಸಿಗುತ್ತವೆ. ಕನ್ನಡದಲ್ಲೇ ಕೇಳಿ, ಅಂಗಡಿಯವರು ಬಿಟ್ಟಿ ಸಲಹೆಯನ್ನೂ ಕೊಡುತ್ತಾರೆ.

ಕೆಲವು ಕಡೆ ಕೈ ಹಾಕಬೇಡಿ. ಮೈಕ್ರೋವೇವ್ ಒಲೆ ಪ್ಲಗ್ ಕಿತ್ತ ಮೇಲೂ ಒಳಗೆ ಕೊಲ್ಲುವಷ್ಟು ವಿದ್ಯುತ್ ಹಿಡಿದಿಟ್ಟಿರಬಹುದು. ಗೋಡೆಯ 230 ವೋಲ್ಟ್ ನೇರ ಬರುವ ಬೋರ್ಡು, ಉಬ್ಬಿದ ಲಿಥಿಯಂ ಬ್ಯಾಟರಿ, ಇವೂ ಬೇಡ. ಗೆರೆ ಸುಟ್ಟು ಕರಕಲಾಗಿದ್ದರೆ ಯಾಕೆ ಸುಟ್ಟಿತು ಅಂತ ಮೊದಲು ಹುಡುಕಿ, ಇಲ್ಲದಿದ್ದರೆ ಹೊಸ ತಂತಿಯೂ ಸುಡುತ್ತದೆ. ಆ ಕರಿಯನ್ನೂ ಕೆರೆದು ತೆಗೆಯಬೇಕು, ಇದ್ದಿಲಿನಲ್ಲೂ ಕರೆಂಟು ಹರಿಯುತ್ತದೆ. ಫೋನಿನ ಬೋರ್ಡು ಹಲವು ಪದರಗಳ ಕಜ್ಜಾಯ, ಒಳಪದರದ ಗೆರೆ ನಮ್ಮ ಕೈಗೆ ಸಿಗುವುದಿಲ್ಲ. ಐರನ್ ತುದಿ 350 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದಿಡಿ, ಕನ್ನಡಕ ಹಾಕಿ. ಸೀಸವಿರುವ ಬೆಸುಗೆಯಾದರೆ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಮೊದಲ ಪ್ರಯೋಗವನ್ನು ಅಪ್ಪನ ಆಂಪ್ಲಿಫೈಯರ್ ಮೇಲೆ ಮಾಡಬೇಡಿ. ಕಸಕ್ಕೆ ಹೊರಟ ಆಟಿಕೆಯೊಂದರ ಬೋರ್ಡು ತೆಗೆದುಕೊಂಡು, ಬೇಕೆಂದೇ ಒಂದು ಗೆರೆ ಕತ್ತರಿಸಿ, ಮತ್ತೆ ಬೆಸೆದು ನೋಡಿ. ಮೂರನೆಯ ಸಲಕ್ಕೆ ಕೈ ನಡುಗುವುದು ನಿಲ್ಲುತ್ತದೆ.